ಗಣಕದ ತಕರಾರನ್ನು ಓದುವ ವಿದ್ಯೆ

ದಕ್ಷಿಣ ಕನ್ನಡ ಜಿಲ್ಲೆಯ ನೆಟ್ಟಣದಲ್ಲಿರುವ ರೈಲು ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂದು ಹೆಸರು. ಕುಕ್ಕೆಯ ಯಾತ್ರಿಕರು ಇಳಿಯುವ ತಾಣವೆಂದು ಅದು ನಾಡಿಗೆಲ್ಲ ಪರಿಚಿತ. ವಿಜ್ಞಾನದ ವಿದ್ಯಾರ್ಥಿಗೆ ಅದು ಇನ್ನೊಂದು ಕಾರಣದಿಂದಲೂ ನೋಡತಕ್ಕ ಸ್ಥಳ. ಇಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರು ಘಟ್ಟದ ಹಾದಿ. ಅದರಲ್ಲಿ 57 ಸುರಂಗಗಳು, ನೂರಕ್ಕೆ ಮಿಕ್ಕ ಸೇತುವೆಗಳು. ಏರು ಐವತ್ತಕ್ಕೆ ಒಂದು. 1979ರಲ್ಲಿ ಸಂಚಾರಕ್ಕೆ ತೆರೆದಾಗ ಇದು ಮೀಟರ್‌ಗೇಜ್ ಹಾದಿಯಾಗಿತ್ತು. ಎರಡು ಹಳಿಗಳ ನಡುವಣ ಅಂತರ 1000 ಮಿಲಿಮೀಟರು. ದೇಶದ ಮುಖ್ಯ ಮಾರ್ಗಗಳೊಡನೆ ಒಂದಾಗಲೆಂದು ಅದನ್ನು 1676 ಮಿಲಿಮೀಟರಿನ ಬ್ರಾಡ್‌ಗೇಜಿಗೆ ಬದಲಾಯಿಸಹೊರಟಾಗ, 1996ರಲ್ಲಿ ಘಟ್ಟದ ಓಡಾಟ ನಿಂತಿತು. ಸರಕಿನ ರೈಲು ಮತ್ತೆ ಬಂದುದು 2006ರಲ್ಲಿ. ಪ್ರಯಾಣಿಕರ ರೈಲು ಬಂದುದು 2007ರ ಡಿಸೆಂಬರಿನಲ್ಲಿ. ಈಗ ಮೂವತ್ತು ದಾಟಿರುವ ನಮ್ಮ ತಲೆಮಾರಿನವರು ಶಾಲೆಗೆ ಹೋಗುತ್ತಿದ್ದ ಕಾಲವೆಲ್ಲ ಈ ಘಟ್ಟದಲ್ಲಿ ಪ್ರಯಾಣಿಕರ ಗಾಡಿಯನ್ನು ಕಾಣದೆಯೇ ಕಳೆಯಿತು.

ಬದಲಾದುದು ಒಂದೇ ಒಂದು ಅಳತೆ. ಆದರೆ ಆ ಅಳತೆಯನ್ನು ನಂಬಿಕೊಂಡಿದ್ದ ಅಡ್ಡದಿಮ್ಮಿ, ಹಳಿಗಳು ಕೂಡುವ ಕವಲು, ಗಾಲಿಯ ಅಚ್ಚು, ಎಂಜಿನು, ಡಬ್ಬಿ ಎಲ್ಲವೂ ಬದಲಾಗಬೇಕಾಯಿತು. ಹಳೆಯ ಮೀಟರ್‌ಗೇಜ್ ಡಬ್ಬಿಯೊಂದನ್ನು ತಂದು ಹೊಸ ಹಳಿಯ ಮೇಲೆ ಇಟ್ಟು, ಅದು ಓಡಲಿಲ್ಲವೆಂದು ಗಾಲಿಯನ್ನು ಸುತ್ತಿಗೆಯಿಂದ ಬಡಿಯುವವನನ್ನು ಕಂಡರೆ ನಾವು ನಗುತ್ತೇವೆ. ಗಣಕಯಂತ್ರದ ಮುಂದೆ ಕುಳಿತ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ದಿನವೂ ಮಾಡುತ್ತಿರುವುದು ಪ್ರಾಯಃ ಇದನ್ನೇ. ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಏಕೆಂದರೆ ಹಳಿಯ ಅಂತರವನ್ನು ಅಳೆದು ನೋಡುವುದನ್ನು ನಾವು ಅವರಿಗೆ ಕಲಿಸಿಯೇ ಇಲ್ಲ.

ಸಂಗತಿ ಇಷ್ಟು. ಇಂದು ಯಾರೂ ಒಂದು ತಂತ್ರಾಂಶವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ಸಂಕಲನವನ್ನು ಮಾಡಲು ಒಂದು, ನಕ್ಷೆ ಬಿಡಿಸಲು ಒಂದು, ಜಾಲದ ಮೂಲಕ ಮಾತನಾಡಲು ಇನ್ನೊಂದು ಹೀಗೆ ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳನ್ನು ತಂದು ಜೋಡಿಸಿಕೊಳ್ಳುತ್ತೇವೆ. ಇವಕ್ಕೆ ಲೈಬ್ರರಿ ಎನ್ನುತ್ತಾರೆ. ಲೈಬ್ರರಿಯನ್ನು ಬರೆದವರು ಅದನ್ನು ತಿದ್ದುತ್ತ, ಹೊಸ ಆವೃತ್ತಿಗಳನ್ನು ಹೊರಡಿಸುತ್ತ ಇರುತ್ತಾರೆ. ನಾವು ಹೊಸ ಆವೃತ್ತಿಯನ್ನು ತಂದು ಹಾಕಿದ ಕೂಡಲೆ, ನಿನ್ನೆಯವರೆಗೆ ಸರಿಯಾಗಿ ಕಟ್ಟಿ ನಿಲ್ಲುತ್ತಿದ್ದ ನಮ್ಮ ಕ್ರಮವಿಧಿ ಇಂದು ಕಟ್ಟಿಕೊಳ್ಳಲು ಒಲ್ಲೆನೆನ್ನುತ್ತದೆ. ತೆರೆಯ ತುಂಬ ಕೆಂಪು ಅಕ್ಷರಗಳ ಸಾಲು. ಇದಕ್ಕೆ ಬಿಲ್ಡ್ ದೋಷವೆಂದು ಹೆಸರು. ನಮ್ಮ ಒಂದಕ್ಷರವೂ ಬದಲಾಗಿಲ್ಲ. ಆದರೂ ತಪ್ಪು ನಮ್ಮ ಕಡತದಲ್ಲಿದೆಯೆಂದು ಯಂತ್ರ ಹೇಳುತ್ತದೆ. ವಿದ್ಯಾರ್ಥಿಗೆ ಇದು ಅನ್ಯಾಯವೆಂದು ತೋರುವುದು ಸಹಜ.

ಹೀಗಾದಾಗ ಅವನು ಏನು ಮಾಡುತ್ತಾನೆ? ತೆರೆಯ ತಳದಲ್ಲಿ ಕಾಣುವ ಕೊನೆಯ ಸಾಲನ್ನು ಎತ್ತಿಕೊಂಡು ಎಲ್ಲಿಯೋ ಹುಡುಕುತ್ತಾನೆ. ಯಾರೋ ಸೂಚಿಸಿದ ಆಜ್ಞೆಯನ್ನು ಅರ್ಥ ತಿಳಿಯದೆಯೇ ಒತ್ತುತ್ತಾನೆ. ಅದು ಫಲಿಸದಿದ್ದರೆ ಎಲ್ಲವನ್ನೂ ಅಳಿಸಿ ಮರಳಿ ಹಾಕುತ್ತಾನೆ. ಒಮ್ಮೊಮ್ಮೆ ಇದರಿಂದ ಕೆಲಸವಾಗುವುದುಂಟು. ನನ್ನ ಆಕ್ಷೇಪವಿರುವುದು ಅಲ್ಲಿಯೇ. ಕಾರಣ ತಿಳಿಯದೆ ಕೆಲಸವಾದರೆ ಮುಂದಿನ ಸಲ ಕೆಲಸ ಕೆಟ್ಟಾಗಲೂ ಕಾರಣ ತಿಳಿಯುವುದಿಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹೀಗೆ ಮಾಡುವವನಿಗೆ ನಾವು ಅಂಕ ಕೊಡುವುದಿಲ್ಲ. ಮೀಟರ್ ಬ್ರಿಜ್ಜಿನಲ್ಲಿ ಮುಳ್ಳು ಒಂದೇ ಕಡೆಗೆ ಓಲುತ್ತಿದ್ದರೆ ಯಾವ ಸಂಪರ್ಕ ಸಡಿಲಾಗಿದೆಯೆಂದು ಒಂದೊಂದಾಗಿ ಪರೀಕ್ಷಿಸಿ ನೋಡೆಂದು ಹೇಳುತ್ತೇವೆ. ಎಲ್ಲ ತಂತಿಗಳನ್ನೂ ಕಿತ್ತು ಹೊಸದಾಗಿ ಕಟ್ಟು ಎಂದು ಹೇಳುವುದಿಲ್ಲ. ಪಕ್ಕದ ಕೋಣೆಯ ಗಣಕದ ಮುಂದೆ ಕುಳಿತಾಗ ಅದೇ ವಿದ್ಯಾರ್ಥಿಗೆ ಬೇರೊಂದು ನೀತಿ ಏಕೆ?

ದೋಷಗಳು ಎಲ್ಲಿ ಹುಟ್ಟುತ್ತವೆಂಬುದನ್ನು ಮೊದಲು ವಿಂಗಡಿಸಿಕೊಳ್ಳಬೇಕು. ಸಿ ಭಾಷೆಯ ಕ್ರಮವಿಧಿಯನ್ನು ತೆಗೆದುಕೊಳ್ಳೋಣ. ನಾವು ಬರೆದ ಕಡತವನ್ನು ಕಂಪೈಲರು ಓದುತ್ತದೆ. ಲೈಬ್ರರಿಯಲ್ಲಿ ಏನೇನಿದೆಯೆಂಬ ಪಟ್ಟಿ ಹೆಡರ್ ಎಂಬ ಕಡತದಲ್ಲಿರುತ್ತದೆ; ಆ ಪಟ್ಟಿಯನ್ನು ನೋಡಿಕೊಂಡು, ನಾವು ಕರೆದ ಹೆಸರು ಉಂಟೇ, ಕೊಟ್ಟ ವಸ್ತುಗಳು ಲೆಕ್ಕಕ್ಕೆ ಸರಿಯೇ ಎಂದು ಪರೀಕ್ಷಿಸಿ, ಕಂಪೈಲರು ನಮ್ಮ ಬರಹವನ್ನು ಯಂತ್ರದ ಮಾತಿಗೆ ತಿರುಗಿಸುತ್ತದೆ. ಅನಂತರ ಲಿಂಕರು ಬಂದು, ಹೀಗೆ ತಿರುಗಿಸಿದ ತುಂಡುಗಳನ್ನೂ ಲೈಬ್ರರಿಯ ತುಂಡುಗಳನ್ನೂ ಹೆಸರು ಹಿಡಿದು ಬೆಸೆಯುತ್ತದೆ. ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ದೂರು ಕಂಪೈಲರಿನದು. ಪಟ್ಟಿಯಲ್ಲಿದ್ದು ವಸ್ತು ಸಿಗದಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೂರು ಲಿಂಕರಿನದು. ಮದುವೆಯ ಕರೆಯೋಲೆಯಲ್ಲಿ ಹೆಸರು ಬಿಟ್ಟುಹೋಗುವುದು ಒಂದು, ಹೆಸರಿದ್ದೂ ಮನುಷ್ಯ ಬಾರದಿರುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಅರೆದರೆ ರೋಗ ಹೇಗೆ ಹೋದೀತು?

ಎರಡನೆಯದಾಗಿ, ದೂರುಗಳನ್ನು ಮೇಲಿನಿಂದ ಓದಬೇಕು. ಹೆಡರ್ ಕಡತದಲ್ಲಿ ಒಂದು ಜಾತಿಯ ನಿರೂಪಣೆಯೇ ತಪ್ಪಿದ್ದರೆ, ಅದನ್ನು ನೆಚ್ಚಿದ ನೂರು ಸಾಲುಗಳೂ ಕಂಪೈಲರಿಗೆ ಅರ್ಥವಾಗದೆ ಹೋಗಬಹುದು. ಒಂದೊಂದಕ್ಕೂ ಅದು ಒಂದೊಂದು ದೂರನ್ನು ಬರೆಯುತ್ತದೆ. ನೂರ ಒಂದು ಸಾಲುಗಳಲ್ಲಿ ನೂರು ಮೊದಲನೆಯದರ ಮಕ್ಕಳು. ತೆರೆ ಉರುಳಿ ಹೋಗಿ ಕಣ್ಣಿಗೆ ಬೀಳುವುದು ಮಾತ್ರ ಕೊನೆಯ ಸಾಲು. ಆದುದರಿಂದ ಕಿರುಬೆರಳಿನಲ್ಲಿ ಮಾಡುವಷ್ಟು ಸಣ್ಣ ಕೆಲಸವಾದರೂ, ಮೇಲಕ್ಕೆ ಸರಿಸಿ ಮೊದಲನೆಯ ದೂರನ್ನು ಹುಡುಕುವುದೇ ಈ ವಿದ್ಯೆಯ ಅರ್ಧ ಭಾಗವೆಂದು ನಾನು ಹೇಳುತ್ತೇನೆ.

ಈಗ ನಿಜವಾಗಿ ನಡೆದ ಒಂದು ಬದಲಾವಣೆಯನ್ನು ನೋಡಿರಿ. ಜಿಸಿಸಿ ಎಂಬುದು ಲೋಕವೆಲ್ಲ ಬಳಸುವ, ಯಾರು ಬೇಕಾದರೂ ಪಡೆಯಬಹುದಾದ ಕಂಪೈಲರು. ಅದರ 10ನೆಯ ಆವೃತ್ತಿ 2020ರ ಮೇ ತಿಂಗಳಲ್ಲಿ ಹೊರಬಂದಿತು. ಅದನ್ನು ಹಾಕಿಕೊಂಡವರಿಗೆ, ವರ್ಷಗಟ್ಟಲೆ ತೊಡಕಿಲ್ಲದೆ ಕಟ್ಟಿಕೊಂಡು ಬಂದಿದ್ದ ಎಷ್ಟೋ ಕ್ರಮವಿಧಿಗಳಲ್ಲಿ ‘ಮಲ್ಟಿಪಲ್ ಡೆಫಿನಿಷನ್’, ಎಂದರೆ ಒಂದೇ ವಸ್ತುವನ್ನು ಹಲವು ಕಡೆ ನಿರೂಪಿಸಿದ್ದೀರಿ, ಎಂಬ ದೂರು ಬರತೊಡಗಿತು. ಕಾರಣವೇನು? ಒಬ್ಬನು ಹೆಡರ್ ಕಡತದಲ್ಲಿ ಎಣಿಕೆಗಾಗಿ ಒಂದು ಚರವನ್ನು ನಿರೂಪಿಸಿರುತ್ತಾನೆ ಎನ್ನೋಣ. ಆ ಹೆಡರನ್ನು ಎರಡು ಕಡತಗಳು ಸೇರಿಸಿಕೊಂಡರೆ, ಚರವು ಎರಡು ಕಡೆ ಹುಟ್ಟಿದಂತಾಯಿತು. ಹಿಂದಿನ ಆವೃತ್ತಿಗಳಲ್ಲಿ ಇಂಥ ಅವಳಿಗಳನ್ನು ಲಿಂಕರು ಮೌನವಾಗಿ ಒಂದುಗೂಡಿಸಿಬಿಡುತ್ತಿತ್ತು. ಈ ದಾಕ್ಷಿಣ್ಯವನ್ನು 10ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು. ಅವಳಿಗಳು ಅವಳಿಗಳಾಗಿಯೇ ಉಳಿದು ಲಿಂಕರು ತಕರಾರೆತ್ತಿತು.

ಇದಕ್ಕೆ ಎರಡು ಪರಿಹಾರಗಳಿವೆ. ಕಂಪೈಲರನ್ನು ಕರೆಯುವಾಗ ‘ಎಫ್ ಕಾಮನ್’ ಎಂಬ ಸೂಚನೆಯನ್ನು ಸೇರಿಸಿದರೆ ಅದು ಹಳೆಯ ದಾಕ್ಷಿಣ್ಯಕ್ಕೆ ಮರಳುತ್ತದೆ. ಅರ್ಧ ನಿಮಿಷದ ಕೆಲಸ. ಇನ್ನೊಂದು, ಹೆಡರಿನಲ್ಲಿ ‘ಎಕ್ಸ್‌ಟರ್ನ್’ ಎಂದು ಬರೆದು ‘ಈ ಚರ ಬೇರೆಲ್ಲಿಯೋ ಇದೆ’ ಎಂದು ಸಾರಿ, ಅದನ್ನು ಒಂದೇ ಕಡತದಲ್ಲಿ ನಿಜವಾಗಿ ನಿರೂಪಿಸುವುದು. ಮೊದಲನೆಯದು ತುರ್ತಿಗೆ ಆದೀತು. ಎರಡನೆಯದನ್ನು ಮಾಡುವವನಿಗೆ ಮಾತ್ರ ಒಂದು ಸಂಗತಿ ಗೋಚರಿಸುತ್ತದೆ: ತಪ್ಪು ಹೊಸದಾಗಿ ಹುಟ್ಟಿದುದಲ್ಲ, ಅದು ಮೊದಲಿನಿಂದಲೂ ಇತ್ತು, ಎರಡು ಕಡತಗಳ ಬರಹಗಾರರು ಒಂದೇ ಹೆಸರನ್ನು ಬೇರೆ ಬೇರೆ ಉದ್ದೇಶಕ್ಕೆ ಬಳಸಿದ್ದರೂ ಇಷ್ಟು ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬನ ಎಣಿಕೆಯನ್ನು ಇನ್ನೊಬ್ಬನು ತನ್ನದೆಂದು ತಿಳಿದು ಸೊನ್ನೆ ಮಾಡುತ್ತಿದ್ದಿರಬಹುದು.

ಇನ್ನೊಂದು ಬಗೆಯ ತಕರಾರು ನಮ್ಮ ಅಡಕೆ ತೋಟಗಳ ನಾಡಿನವರಿಗೆ ಬೇಗ ಅರ್ಥವಾದೀತು. ನೆರೆಯವನ ಮನೆಗೆ ಹೋಗಲು ಎದುರಿನಲ್ಲಿ ದಾರಿಯಿದ್ದರೂ ನಾವು ತೋಟದೊಳಗಿನ ಕಾಲುದಾರಿಯಲ್ಲಿ ನುಗ್ಗಿ ಹಿತ್ತಿಲಿಗೇ ಹೋಗುವ ರೂಢಿ ಮಾಡಿಕೊಂಡಿರುತ್ತೇವೆ. ಒಂದು ದಿನ ಅವನು ಬೇಲಿ ಹಾಕುತ್ತಾನೆ. ದಾರಿ ಮುಚ್ಚಿದನೆಂದು ನಮಗೆ ಕೋಪ. ಆದರೆ ಆ ದಾರಿ ನಮ್ಮದಾಗಿದ್ದುದು ಯಾವಾಗ? ಜಾಲದಲ್ಲಿ ಗುಟ್ಟಿನ ಸಂವಹನಕ್ಕೆ ಬಳಸುವ ಓಪನ್ ಎಸ್‌ಎಸ್‌ಎಲ್ ಎಂಬ ಲೈಬ್ರರಿಯ 1.1.0 ಆವೃತ್ತಿ 2016ರ ಆಗಸ್ಟಿನಲ್ಲಿ ಬಂದಾಗ ಇಂಥದೇ ಬೇಲಿ ಬಿದ್ದಿತು. ಅಲ್ಲಿಯವರೆಗೆ ಲೈಬ್ರರಿಯ ಒಳರಚನೆಗಳು ಹೆಡರಿನಲ್ಲಿ ಬಿಚ್ಚಿಟ್ಟಂತಿದ್ದವು. ಅನೇಕರು ಒಳಗಿನ ಅಂಕಣಗಳಿಗೆ ನೇರವಾಗಿ ಕೈಹಾಕಿ ಬರೆದುಕೊಂಡಿದ್ದರು. ಹೊಸ ಆವೃತ್ತಿಯಲ್ಲಿ ಆ ರಚನೆಗಳನ್ನು ಮರೆಮಾಡಿ, ಬೇಕಾದುದನ್ನು ಕೇಳಿ ಪಡೆಯಲು ಫಂಕ್ಷನ್ನುಗಳನ್ನು ಕೊಟ್ಟರು. ಹಿತ್ತಿಲಿನಿಂದ ಹೋಗುತ್ತಿದ್ದವರಿಗೆಲ್ಲ ‘ಇನ್‌ಕಂಪ್ಲೀಟ್ ಟೈಪ್’ ಎಂಬ ದೂರು ಕಾದಿತ್ತು. ಎದುರು ಬಾಗಿಲಿನಿಂದ ಹೋಗುವಂತೆ ಬರಹವನ್ನು ತಿದ್ದುವುದೇ ಅದಕ್ಕೆ ಪರಿಹಾರ. ಹೀಗೆ ತಿದ್ದಿದುದು ಮುಂದೆ ಲೈಬ್ರರಿಯ ಒಳಮನೆ ಎಷ್ಟು ಬದಲಾದರೂ ಕೆಡುವುದಿಲ್ಲ.

ಬೇಲಿ ಹಾಕುವವನಿಗೂ ಒಂದು ಧರ್ಮವುಂಟು, ಮೊದಲು ತಿಳಿಸಬೇಕು. ಪೈಥಾನಿನಲ್ಲಿ ಲೆಕ್ಕ ಮಾಡುವ ವಿದ್ಯಾರ್ಥಿಗಳೆಲ್ಲ ಬಳಸುವ ನಂಪೈ ಎಂಬ ಲೈಬ್ರರಿಯಲ್ಲಿ ದಶಮಾಂಶ ಸಂಖ್ಯೆಯ ಜಾತಿಗೆ ‘ಎನ್‌ಪಿ ಡಾಟ್ ಫ್ಲೋಟ್’ ಎಂಬ ಅಡ್ಡಹೆಸರಿತ್ತು. ಅದು ಪೈಥಾನಿನದೇ ಆದ ‘ಫ್ಲೋಟ್’ ಎಂಬುದರ ಮರುಹೆಸರು ಮಾತ್ರ. ಲೈಬ್ರರಿಯ ಸ್ವಂತ ಜಾತಿಯೆಂಬ ಭ್ರಮೆಗೆ ಎಡೆಮಾಡುತ್ತಿತ್ತು. 2021ರ ಜನವರಿಯ 1.20ನೆಯ ಆವೃತ್ತಿಯಲ್ಲಿ, ಈ ಹೆಸರನ್ನು ಬಳಸಿದರೆ ಎಚ್ಚರಿಕೆ ಬರುವಂತೆ ಮಾಡಿದರು. ಅದನ್ನು ತೆಗೆದೇಬಿಟ್ಟುದು 2022ರ ಡಿಸೆಂಬರಿನ 1.24ನೆಯ ಆವೃತ್ತಿಯಲ್ಲಿ. ನಡುವೆ ಸುಮಾರು ಎರಡು ವರ್ಷ ಕಾಲಾವಕಾಶವಿತ್ತು. ಎಚ್ಚರಿಕೆಗಳು ತೆರೆಯನ್ನು ಕೊಳಕು ಮಾಡುತ್ತವೆಂದು ಅವನ್ನು ಅಡಗಿಸಿಡುವ ಸೂಚನೆಯನ್ನು ಕ್ರಮವಿಧಿಯ ತಲೆಯಲ್ಲೇ ಬರೆದಿಡುವ ಚಾಳಿ ನಮ್ಮ ಪ್ರಯೋಗಶಾಲೆಗಳಲ್ಲಿ ಬೇಕಾದಷ್ಟಿದೆ. ಗಂಟೆಯ ನಾಲಗೆಯನ್ನು ಕಿತ್ತಿಟ್ಟವನಿಗೆ ರೈಲು ಹೊರಟುದು ತಿಳಿಯಲಿಲ್ಲವೆಂದರೆ ಅದಕ್ಕೆ ನಿಲ್ದಾಣದವರು ಹೊಣೆಯಲ್ಲ.

ಇಷ್ಟು ಹೊತ್ತು ಹೇಳಿದುದು ಬಾಯಿಬಿಟ್ಟು ಕೂಗುವ ದೋಷಗಳ ವಿಚಾರ. ಇವು ಒಳ್ಳೆಯವು. ಕೂಗದೆ ಕೆಡುಕು ಮಾಡುವವನ್ನು ಕುರಿತು ನನಗೆ ಹೆಚ್ಚು ಭಯ. ಲೈಬ್ರರಿಯ ಹಳೆಯ ಆವೃತ್ತಿಯಲ್ಲಿ ಒಂದು ರಚನೆಯ ಮೊದಲ ಅಂಕಣ 4 ಬೈಟು, ಆದುದರಿಂದ ಎರಡನೆಯದು 4ನೆಯ ಸ್ಥಾನದಿಂದ ಆರಂಭವಾಗುತ್ತಿತ್ತು ಎನ್ನಿ. ಹೊಸತರಲ್ಲಿ ಮೊದಲನೆಯದನ್ನು 8 ಬೈಟಿಗೆ ಹಿಗ್ಗಿಸಿದರು. ಎರಡನೆಯದು 8ನೆಯ ಸ್ಥಾನಕ್ಕೆ ಸರಿಯಿತು. ನಮ್ಮ ಕಡತಗಳಲ್ಲಿ ಕೆಲವನ್ನು ಮಾತ್ರ ಹೊಸ ಹೆಡರಿನೊಡನೆ ಮರಳಿ ಕಂಪೈಲು ಮಾಡಿ, ಉಳಿದ ತುಂಡುಗಳನ್ನು ಹಿಂದಿನಂತೆಯೇ ಬಿಟ್ಟರೆ, ಲಿಂಕರು ತಕರಾರೆತ್ತುವುದಿಲ್ಲ. ಏಕೆಂದರೆ ಅದು ನೋಡುವುದು ಹೆಸರನ್ನೇ ಹೊರತು ಒಳಗಿನ ಅಳತೆಯನ್ನಲ್ಲ. ಕ್ರಮವಿಧಿ ಕಟ್ಟಿಕೊಳ್ಳುತ್ತದೆ, ಓಡುತ್ತದೆ, ತಪ್ಪು ಸ್ಥಾನದಿಂದ ತಪ್ಪು ಸಂಖ್ಯೆಯನ್ನು ಓದುತ್ತದೆ. ಆದುದರಿಂದಲೇ ಆವೃತ್ತಿ ಬದಲಾದೊಡನೆ ಹಳೆಯ ತುಂಡುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಬೇಕೆನ್ನುವುದು. ಮೇಲೆ ನಾನು ನಿಂದಿಸಿದ ‘ಎಲ್ಲವನ್ನೂ ಅಳಿಸು’ ಎಂಬ ಮದ್ದು ಕೆಲವೊಮ್ಮೆ ಫಲಿಸುವುದಕ್ಕೂ ಇದೇ ಕಾರಣ. ಕಾರಣವರಿತು ಮಾಡಿದರೆ ಅದಕ್ಕೆ ನನ್ನ ವಿರೋಧವಿಲ್ಲ.

ಭೌತಶಾಸ್ತ್ರದಲ್ಲಿಯೂ ಇಂಥ ಆವೃತ್ತಿ ಬದಲಾವಣೆಗಳಾಗುತ್ತವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. 1889ರಿಂದ ಕಿಲೋಗ್ರಾಮು ಎಂದರೆ ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿಟ್ಟಿದ್ದ ಪ್ಲಾಟಿನಂ-ಇರಿಡಿಯಂ ಬೊಟ್ಟಿನ ದ್ರವ್ಯರಾಶಿಯಾಗಿತ್ತು. 2019ರ ಮೇ 20ರಿಂದ ಆ ಬೊಟ್ಟನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕಕ್ಕೆ ಒಂದು ಖಚಿತ ಬೆಲೆಯನ್ನು ನಿಗದಿಮಾಡಿ, ಅದರ ಮೂಲಕ ಕಿಲೋಗ್ರಾಮನ್ನು ನಿರೂಪಿಸಿದರು. ಲೋಕದ ಎಲ್ಲ ತಕ್ಕಡಿಗಳೂ ನೆಚ್ಚಿದ್ದ ತಳಗಲ್ಲನ್ನೇ ಬದಲಾಯಿಸಿದಂತಾಯಿತು; ಆದರೂ ಅಕ್ಕಸಾಲಿಗನಾಗಲಿ ಅಂಗಡಿಯವನಾಗಲಿ ಮರುದಿನ ಏನನ್ನೂ ಬದಲಾಯಿಸಬೇಕಾಗಲಿಲ್ಲ. ಹೊಸ ಬೆಲೆಯು ಹಳೆಯ ಬೊಟ್ಟಿನೊಡನೆ ಅಳತೆಯ ಅನಿಶ್ಚಯದೊಳಗೆ ಹೊಂದುವಂತೆ ವರ್ಷಗಟ್ಟಲೆ ಶ್ರಮಿಸಿ ಆರಿಸಿದ್ದರು. ವಿದ್ಯುತ್ ಮಾನಗಳಲ್ಲಿ ಮಾತ್ರ ಚಿಕ್ಕದೊಂದು ಜಿಗಿತ ಉಳಿಯಿತು: 1990ರಿಂದ ರೂಢಿಯಲ್ಲಿದ್ದ ಬೆಲೆಗಳನ್ನು ಕೈಬಿಟ್ಟುದರಿಂದ ವೋಲ್ಟಿನಲ್ಲಿ ಸುಮಾರು ಕೋಟಿಗೆ ಒಂದಂಶದಷ್ಟು ವ್ಯತ್ಯಾಸವಾಯಿತು. ಅದನ್ನು ಮುಂಚಿತವಾಗಿಯೇ ಸಾರಿದ್ದರಿಂದ ಸೂಕ್ಷ್ಮಮಾಪನ ಮಾಡುವವರು ಸಿದ್ಧರಾಗಿದ್ದರು. ಒಂದು ಭಾಗವನ್ನು ಬದಲಾಯಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನನಗೆ ಗೊತ್ತಿಲ್ಲ.

ಇದರ ಪ್ರತಿಧ್ವನಿ ನಮ್ಮ ಗಣಕಗಳಲ್ಲಿಯೂ ಕೇಳಿಸಿತು. ಸೈಪೈ ಎಂಬ ಲೈಬ್ರರಿಯಲ್ಲಿ ಭೌತ ಸ್ಥಿರಾಂಕಗಳ ಕೋಷ್ಟಕವಿದೆ. 2019ರ ಡಿಸೆಂಬರಿನ 1.4ನೆಯ ಆವೃತ್ತಿಯಲ್ಲಿ ಹೊಸ ಬೆಲೆಗಳನ್ನು ತುಂಬಿದರು. ಪ್ಲಾಂಕ್ ಸ್ಥಿರಾಂಕದ ಅಂಕಿಗಳು 6.62607004 ಇದ್ದುದು 6.62607015 ಆಯಿತು. ನಿರ್ವಾತದ ಕಾಂತೀಯ ಸ್ಥಿರಾಂಕವು ಇನ್ನು ಮುಂದೆ ಖಚಿತವಾಗಿ 4π ಗುಣಿಸು 10ರ ಋಣ ಏಳನೆಯ ಘಾತವಲ್ಲ. ಅದು ಈಗ ಅಳೆದು ತಿಳಿಯಬೇಕಾದ ಪರಿಮಾಣ. ಕ್ರಮವಿಧಿಯಲ್ಲಿ ಒಂದು ದೂರೂ ಏಳಲಿಲ್ಲ. ಉತ್ತರದ ಎಂಟನೆಯ ಅಂಕಿ ಮಾತ್ರ ಬೇರೆಯಾಯಿತು. ದ್ಯುತಿವಿದ್ಯುತ್ ಪ್ರಯೋಗ ಮಾಡುವ ಪದವಿ ವಿದ್ಯಾರ್ಥಿಗೆ ಇದರಿಂದ ಬಾಧಕವಿಲ್ಲ. ಆದರೆ ಎರಡು ವರ್ಷಗಳ ಎರಡು ವರದಿಗಳಲ್ಲಿ ಉತ್ತರ ಬೇರೆಯಾಗಿರುವುದು ಏಕೆಂದು ಯಾರಾದರೂ ಕೇಳಿದರೆ, ಯಾವ ಆವೃತ್ತಿಯಿಂದ ಲೆಕ್ಕ ಮಾಡಿದೆನೆಂದು ಬರೆದಿಡದವನು ಏನು ಹೇಳಿಯಾನು? ಕೋಣೆಯ ಉಷ್ಣತೆಯನ್ನು ಬರೆದಿಡದೆ ಧ್ವನಿಯ ವೇಗವನ್ನು ಕೊಟ್ಟಂತೆ.

ಸಣ್ಣ ವ್ಯತ್ಯಾಸವನ್ನು ಗಮನಿಸುವವನು ಎಷ್ಟು ದೊಡ್ಡ ಉಪಕಾರ ಮಾಡಬಲ್ಲನೆಂಬುದಕ್ಕೆ 2024ರ ಒಂದು ಘಟನೆಯನ್ನು ಹೇಳಬೇಕು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದುಮಾಡುವ ಒಂದು ಸಾಧಾರಣ ಲೈಬ್ರರಿ. ಲಿನಕ್ಸ್ ಯಂತ್ರಗಳಲ್ಲಿ ಎಲ್ಲೆಲ್ಲಿಯೂ ಇದೆ. ಅದರ 5.6.0 ಮತ್ತು 5.6.1 ಆವೃತ್ತಿಗಳು ಪರೀಕ್ಷಾರ್ಥವಾಗಿ ಕೆಲವು ವ್ಯವಸ್ಥೆಗಳೊಳಕ್ಕೆ ಬಂದಿದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ತಜ್ಞರು ತಮ್ಮ ಯಂತ್ರದ ವೇಗವನ್ನು ಅಳೆಯುತ್ತಿದ್ದಾಗ, ದೂರದಿಂದ ಒಳಬರುವ ಎಸ್‌ಎಸ್‌ಎಚ್ ಸಂಪರ್ಕಕ್ಕೆ ಮೊದಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುವುದನ್ನು ಕಂಡರು. ಕೆಲವು ವಾರಗಳ ಹಿಂದೆ, ಸ್ಮೃತಿದೋಷಗಳನ್ನು ಹುಡುಕುವ ವಾಲ್‌ಗ್ರೈಂಡ್ ಎಂಬ ಸಾಧನವು ಎತ್ತಿದ್ದ ವಿಚಿತ್ರವಾದ ತಕರಾರೊಂದು ಅವರ ನೆನಪಿನಲ್ಲಿತ್ತು. ಎರಡನ್ನೂ ಸೇರಿಸಿ ಬೆನ್ನುಹತ್ತಿದಾಗ, ಆ ಲೈಬ್ರರಿಯಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಒಂದು ಕಳ್ಳಬಾಗಿಲನ್ನು ಹುದುಗಿಸಿರುವುದು ತಿಳಿಯಿತು. ಮಾರ್ಚ್ 29ರಂದು ಅವರು ಅದನ್ನು ಬಹಿರಂಗಪಡಿಸಿದರು. ಆ ಕಳ್ಳಬಾಗಿಲು ಒಳಸೇರುತ್ತಿದ್ದುದು ಲೈಬ್ರರಿಯನ್ನು ಬಿಲ್ಡ್ ಮಾಡುವ ಹಂತದಲ್ಲಿಯೇ ಎಂಬುದನ್ನು ಗಮನಿಸಿರಿ. ಅರ್ಧ ಸೆಕೆಂಡು ತಾನೆ ಎಂದು, ಬರಿಯ ಎಚ್ಚರಿಕೆ ತಾನೆ ಎಂದು ಅವರು ಬಿಟ್ಟುಬಿಟ್ಟಿದ್ದರೆ, ಲೋಕದ ಅಸಂಖ್ಯ ಯಂತ್ರಗಳ ಬೀಗದ ಕೈ ಅಪರಿಚಿತರ ವಶವಾಗುವ ಸಂಭವವಿತ್ತು.

ಇದನ್ನು ಕೇಳಿದ ಕೂಡಲೆ ಒಬ್ಬ ವಿದ್ಯಾರ್ಥಿ ನನಗೆ ಹೇಳಿದ: ಹಾಗಾದರೆ ಹೊಸ ಆವೃತ್ತಿಗಳ ಸಹವಾಸವೇ ಬೇಡ ಸರ್, ಓಡುತ್ತಿರುವುದನ್ನು ಓಡಲು ಬಿಡೋಣ. ಈ ವಾದಕ್ಕೆ ಬಲವಿಲ್ಲದೆ ಇಲ್ಲ. ಆದರೆ 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ಘೋರವಾದ ನ್ಯೂನತೆ ಕಂಡುಬಂದಾಗ, ಎಲ್ಲರೂ ಆ ಕ್ಷಣವೇ ಹೊಸ ಆವೃತ್ತಿಗೆ ಏರಲೇಬೇಕಾಯಿತು. ಕಾಲಕಾಲಕ್ಕೆ ಒಂದೊಂದು ಮೆಟ್ಟಿಲನ್ನು ಹತ್ತುತ್ತ ಬಂದಿದ್ದವರು ಒಂದು ಹೆಜ್ಜೆ ಇಟ್ಟರು. ವರ್ಷಗಟ್ಟಲೆ ತಳದಲ್ಲಿಯೇ ಕುಳಿತಿದ್ದವರು ಹಲವು ಮೆಟ್ಟಿಲುಗಳನ್ನು ಒಂದೇ ಸಲಕ್ಕೆ, ಅದೂ ಮನೆಗೆ ಬೆಂಕಿ ಬಿದ್ದಿರುವಾಗ, ಹಾರಬೇಕಾಯಿತು. ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, ಯೂನಿಕೋಡಿಗಿಂತ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿಟ್ಟ ಹಳೆಯ ಕಡತಗಳನ್ನು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ತೆರೆದು ನೋಡಿರಿ. ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬರಹವೇನೋ ಹಾಗೆಯೇ ಇದೆ. ಅದು ನೆಚ್ಚಿದ್ದ ಭಾಗ ಇಲ್ಲವಾಗಿದೆ.

ಹೀಗೆ ಒಂದು ಕಡೆ ಕಣ್ಣುಮುಚ್ಚಿ ಏರುವವರು, ಇನ್ನೊಂದು ಕಡೆ ಕಣ್ಣುಮುಚ್ಚಿ ಕೂರುವವರು. ಇಬ್ಬರಿಗೂ ಕಣ್ಣು ತೆರೆಯುವ ಉಪಾಯ ಕಷ್ಟದ್ದಲ್ಲ. ಯಾವ ಯಾವ ಲೈಬ್ರರಿಯ ಯಾವ ಆವೃತ್ತಿಯನ್ನು ಬಳಸುತ್ತಿದ್ದೇನೆಂಬ ಪಟ್ಟಿಯನ್ನು ಕ್ರಮವಿಧಿಯ ಜೊತೆಗೇ ಬರೆದಿಡಬೇಕು. ಏರುವಾಗ ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ಐದನ್ನು ಒಟ್ಟಿಗೆ ಏರಿಸಿದರೆ ಕೆಡಿಸಿದುದು ಯಾವುದೆಂದು ಹೇಳಲು ಬ್ರಹ್ಮನಿಗೂ ಆಗದು. ಲೈಬ್ರರಿಯವರು ಪ್ರಕಟಿಸುವ ಬದಲಾವಣೆಗಳ ಪಟ್ಟಿಯನ್ನು ಏರುವುದಕ್ಕೆ ಮೊದಲು ಓದಬೇಕು. ಆದರೂ ಕೆಟ್ಟರೆ, ನಡುವಣ ಆವೃತ್ತಿಯನ್ನು ಪರೀಕ್ಷಿಸಿ, ಕೆಟ್ಟ ಅರ್ಧವನ್ನು ಮಾತ್ರ ಉಳಿಸಿಕೊಂಡು ಮತ್ತೆ ಅರ್ಧಿಸುತ್ತ ಹೋಗಬೇಕು. ಸಾವಿರದ ಇಪ್ಪತ್ತನಾಲ್ಕು ಬದಲಾವಣೆಗಳಲ್ಲಿ ತಪ್ಪಿತಸ್ಥನನ್ನು ಹಿಡಿಯಲು ಹತ್ತೇ ಪರೀಕ್ಷೆಗಳು ಸಾಕು. ಎರಡರ ಹತ್ತನೆಯ ಘಾತ 1024 ಅಲ್ಲವೆ? ಗಿಟ್ ಎಂಬ ಸಾಧನದಲ್ಲಿ ಇದಕ್ಕೆಂದೇ ‘ಬೈಸೆಕ್ಟ್’ ಎಂಬ ಆಜ್ಞೆ ಇದೆ. ಲಾಗರಿದಮ್ಮು ಪರೀಕ್ಷೆಯ ಹೊರಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಇದನ್ನು ತೋರಿಸುತ್ತೇನೆ.

ಇನ್ನು ಭಾಷೆಯ ಮಾತು. ಗಣಕದ ದೂರುಗಳು ಇಂಗ್ಲಿಷಿನಲ್ಲಿರುತ್ತವೆ. ಬಿಳಿನೆಲೆಯಿಂದಲೋ ಸುಳ್ಯದ ಒಳಗಿನ ಹಳ್ಳಿಯಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಆ ಕೆಂಪು ಸಾಲುಗಳು ನ್ಯಾಯಾಲಯದ ತೀರ್ಪಿನಂತೆ ತೋರುತ್ತವೆ. ಈ ಕೆಲಸ ತನಗಲ್ಲವೆಂದು ಆಕೆ ಮೌನವಾಗಿ ಹಿಂದಿನ ಬೆಂಚಿಗೆ ಸರಿಯುವುದನ್ನು, ತರ್ಕದಲ್ಲಿ ಆಕೆಗಿಂತ ದುರ್ಬಲನಾದವನು ಇಂಗ್ಲಿಷ್ ಸಲೀಸೆಂಬ ಒಂದೇ ಬಲದಿಂದ ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ನಮ್ಮ ಶಿಕ್ಷಣದಲ್ಲಿ ಇದಕ್ಕಿಂತ ದೊಡ್ಡ ಪೋಲು ಇನ್ನೊಂದಿಲ್ಲ. ಏಕೆಂದರೆ ಈ ದೂರುಗಳ ಶಬ್ದಭಂಡಾರ ಬಹಳ ಚಿಕ್ಕದು. ಪದೇ ಪದೇ ಬರುವ ಪದಗಳನ್ನೆಲ್ಲ ಬರೆದರೂ ನೋಟುಪುಸ್ತಕದ ಒಂದು ಪುಟ ತುಂಬಲಾರದು. ‘ಅನ್‌ಡಿಕ್ಲೇರ್ಡ್’ ಎಂದರೆ ಮೊದಲು ಸಾರದೆ ಬಳಸಿದ್ದೀರಿ ಎಂದು. ‘ಡೆಪ್ರಿಕೇಟೆಡ್’ ಎಂದರೆ ಇನ್ನೂ ಇದೆ, ಆದರೆ ಬಳಸಬೇಡಿ, ಮುಂದೆ ತೆಗೆಯುತ್ತೇವೆ ಎಂದು. ‘ಇನ್‌ಕಂಪ್ಯಾಟಿಬಲ್’ ಎಂದರೆ ಒಂದಕ್ಕೊಂದು ಕೂಡದು ಎಂದು. ಈ ಒಂದು ಪುಟವನ್ನು ಮೊದಲ ವಾರದಲ್ಲಿಯೇ ಕನ್ನಡದ ಅರ್ಥದೊಡನೆ ಕಲಿಸಿದರೆ, ಉಳಿದುದು ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಮಾತ್ರ; ಅವು ಯಾವ ಭಾಷೆಯವೂ ಅಲ್ಲ.

ಈಚೆಗೆ ಕೆಲವರು ಇನ್ನೊಂದು ಆಕ್ಷೇಪವನ್ನು ಎತ್ತುತ್ತಾರೆ. ದೂರುಗಳನ್ನು ಹಾಗೆಯೇ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟಿಗೆ ಒಪ್ಪಿಸಿದರೆ ಅದೇ ಪರಿಹಾರ ಹೇಳುತ್ತದಲ್ಲ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಹೇಳುತ್ತದಲ್ಲ ಎಂದು. ಹೇಳುತ್ತದೆ, ಮತ್ತು ಅನೇಕ ಸಲ ಸರಿಯಾಗಿಯೇ ಹೇಳುತ್ತದೆ, ನಾನೂ ಬಳಸುತ್ತೇನೆ. ಆದರೆ ಆವೃತ್ತಿಯ ವಿಚಾರದಲ್ಲಿ ಅದನ್ನು ಪರೀಕ್ಷಿಸಿಯೇ ನಂಬಬೇಕು. ಅದು ಕಲಿತಿರುವುದು ಹಿಂದೆ ಬರೆದ ಬರಹಗಳಿಂದ. ಮೊನ್ನೆ ತೆಗೆದುಹಾಕಿದ ಹೆಸರನ್ನು ಇಂದಿಗೂ ಇದೆಯೆಂದು ಸೂಚಿಸುವುದುಂಟು. ‘ಎಫ್ ಕಾಮನ್’ ಎಂಬ ಅರ್ಧ ನಿಮಿಷದ ಪರಿಹಾರವನ್ನು ಅದು ಕೊಟ್ಟಾಗ, ಅದು ತೇಪೆಯೋ ದುರಸ್ತಿಯೋ ಎಂದು ತೀರ್ಮಾನಿಸಬೇಕಾದವನು ವಿದ್ಯಾರ್ಥಿಯೇ. ಹಾಗೆ ತೀರ್ಮಾನಿಸಲು ಲಿಂಕರು ಏನು ಮಾಡುತ್ತದೆಂದು ಅವನಿಗೆ ತಿಳಿದಿರಬೇಕು.

ಪಾಠಪಟ್ಟಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ನನ್ನ ಸಹೋದ್ಯೋಗಿಗಳು ಕೇಳುವುದು ನಿಶ್ಚಯ. ಹೊಸ ಪಾಠವನ್ನೇನೂ ನಾನು ಬೇಡುತ್ತಿಲ್ಲ. ಈಗ ನಾವು ಗಣಕ ಪ್ರಯೋಗಕ್ಕೆ ಅಂಕ ಕೊಡುವಾಗ ಉತ್ತರ ಬಂದಿತೇ ಇಲ್ಲವೇ ಎಂದಷ್ಟೇ ನೋಡುತ್ತೇವೆ. ಇಪ್ಪತ್ತು ಅಂಕಗಳ ಪ್ರಯೋಗದಲ್ಲಿ ಐದನ್ನು ತೆಗೆದಿಡೋಣ. ಪರೀಕ್ಷೆಗೆ ಮುನ್ನ ಅಧ್ಯಾಪಕರೇ ಒಂದು ಲೈಬ್ರರಿಯ ಆವೃತ್ತಿಯನ್ನು ಬದಲಾಯಿಸಿ, ಕಟ್ಟಿಕೊಳ್ಳದ ಕ್ರಮವಿಧಿಯೊಂದನ್ನು ವಿದ್ಯಾರ್ಥಿಯ ಮುಂದಿಡಲಿ. ದಾಖಲೆ ಪುಸ್ತಕದಲ್ಲಿ ಅವನು ಬರೆಯಬೇಕಾದುದು ಆರೇ ಸಂಗತಿ: ಯಾವ ಆವೃತ್ತಿಯಿಂದ ಯಾವುದಕ್ಕೆ ಬದಲಾಗಿದೆ, ಮೊದಲನೆಯ ದೂರು ಯಾವುದು, ಅದರ ಅರ್ಥ ಕನ್ನಡದಲ್ಲಿ ಏನು, ಅದು ಕಂಪೈಲರಿನದೋ ಲಿಂಕರಿನದೋ, ಏನು ತಿದ್ದಿದೆ, ಏಕೆ ತಿದ್ದಿದೆ. ಕ್ರಮವಿಧಿ ಕೊನೆಗೂ ಓಡದಿದ್ದರೂ ಈ ಆರು ಸರಿಯಾಗಿದ್ದರೆ ಐದು ಅಂಕಗಳೂ ಅವನಿಗೆ ಸಲ್ಲಲಿ. ಓಡಿದ್ದೂ ಕಾರಣ ಬರೆಯದವನಿಗೆ ಅವುಗಳಲ್ಲಿ ಒಂದೂ ಬೇಡ.